ಚಂದ್ರಲೋಕದ ಜಿಗಿತ: ಕಡಿಮೆ ಗುರುತ್ವದ ಕಥಾಚರಿತ್ರೆ

ಭೂಮಿಯ ಮೇಲೆ 60 ಕಿಲೋ ತೂಗುವ ವ್ಯಕ್ತಿ ಚಂದ್ರನ ನೆಲದಲ್ಲಿ ಸ್ಪ್ರಿಂಗ್ ತಕ್ಕಡಿಯನ್ನು ಏರಿದರೆ ಅದರ ಮುಳ್ಳು 10 ಕಿಲೋ ತೋರಿಸುತ್ತದೆ. ಮಂಗಳನಲ್ಲಾದರೆ 23ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಇಲ್ಲಿ ಕಡಿಮೆಯಾಗುವುದು ತೂಕ, ಅಂದರೆ ಆ ಗ್ರಹ ಅಥವಾ ಉಪಗ್ರಹ ದೇಹವನ್ನು ತನ್ನತ್ತ ಸೆಳೆಯುವ ಬಲ ಮಾತ್ರ. ದೇಹದಲ್ಲಿರುವ ದ್ರವ್ಯದ ಮೊತ್ತವಾದ ದ್ರವ್ಯರಾಶಿಯೂ, ನಿಂತದ್ದನ್ನು ಕದಲಿಸುವಾಗ ಮತ್ತು ಓಡುತ್ತಿರುವುದನ್ನು ತಡೆಯುವಾಗ ಎದುರಾಗುವ ಜಡತ್ವವೂ ಎಲ್ಲಿಗೆ ಹೋದರೂ ಬದಲಾಗುವುದಿಲ್ಲ. ಅನ್ಯಲೋಕಗಳ ಕಥೆ ಬರೆದವರು ಈ ಎರಡರಲ್ಲಿ ಮೊದಲನೆಯದನ್ನು ನ್ಯೂಟನ್ನನಿಗೂ ಮುಂಚೆಯೇ ಗ್ರಹಿಸಿದ್ದರು. ಎರಡನೆಯದು ಅವರ ಬರಹದಲ್ಲಿ ಬೇರೂರಲು ಸುಮಾರು ಮುನ್ನೂರು ವರ್ಷ ಹಿಡಿಯಿತು. ಆದ್ದರಿಂದಲೇ ಈ ಸಾಹಿತ್ಯದ ಬಹುಭಾಗದಲ್ಲಿ ಕಡಿಮೆ ಗುರುತ್ವವೆಂದರೆ ಜಿಗಿತ, ಹಾರಾಟ, ಬಿಡುಗಡೆ. ಅದೇ ಗುರುತ್ವ ಮನುಷ್ಯನನ್ನು ಕಟ್ಟಿಹಾಕಲೂಬಲ್ಲದು ಎಂಬ ಅರಿವು ಇಪ್ಪತ್ತನೆಯ ಶತಮಾನದ ನಡುಭಾಗಕ್ಕೆ ಮೊದಲು ಅಪರೂಪ.

ಗ್ರಹಗತಿಯ ನಿಯಮಗಳನ್ನು ಕಂಡುಹಿಡಿದ ಯೊಹಾನೆಸ್ ಕೆಪ್ಲರ್ ಬರೆದು, ಅವನು ತೀರಿಕೊಂಡ ಬಳಿಕ 1634ರಲ್ಲಿ ಅಚ್ಚಾದ ‘ಸೋಮ್ನಿಯಂ’ ಎಂಬ ಲ್ಯಾಟಿನ್ ಕೃತಿಯಲ್ಲಿ ಚಂದ್ರಯಾನದ ವರ್ಣನೆಯಿದೆ. ಹೊರಡುವಾಗಿನ ಆಘಾತ ತಾಳಲೆಂದು ಯಾತ್ರಿಕನಿಗೆ ಅಫೀಮಿನಂಥ ಮತ್ತುಮದ್ದು ಕೊಡಬೇಕೆಂದೂ, ದಾರಿಯ ಒಂದೆಡೆ ಭೂಮಿಯ ಸೆಳೆತವೂ ಚಂದ್ರನ ಸೆಳೆತವೂ ಒಂದನ್ನೊಂದು ಸರಿಗಟ್ಟುತ್ತವೆಂದೂ ಅಲ್ಲಿ ಹೇಳಿದೆ. ನಾಲ್ಕು ವರ್ಷಗಳ ನಂತರ ಇಂಗ್ಲೆಂಡಿನಲ್ಲಿ ಪ್ರಕಟವಾದ, ಬಿಷಪ್ ಫ್ರಾನ್ಸಿಸ್ ಗಾಡ್ವಿನ್ನನ ‘ದಿ ಮ್ಯಾನ್ ಇನ್ ದಿ ಮೂನ್’ ಇನ್ನೂ ಮುಂದೆ ಹೋಗುತ್ತದೆ. ಕಾಡುಹಂಸಗಳು ಹೊತ್ತೊಯ್ದ ಗೊನ್ಸಾಲೆಸ್ ಎಂಬ ಅದರ ನಾಯಕ ಚಂದ್ರನಿಗೂ ಸೆಳೆಯುವ ಶಕ್ತಿಯಿದೆಯೆಂದೂ, ಅದು ಭೂಮಿಯದಕ್ಕಿಂತ ಬಹಳ ದುರ್ಬಲವಾದುದರಿಂದ ಮೈಯ ಬಲವೆಲ್ಲ ಹಾಕಿ ನೆಗೆದವನು 50-60 ಅಡಿ ಮೇಲೇರಬಲ್ಲನೆಂದೂ, ಅಷ್ಟೆತ್ತರ ಏರಿದ ಮೇಲೆ ಗರಿಯ ಬೀಸಣಿಗೆಗಳಿಂದ ಗಾಳಿ ಹಾಕಿಕೊಳ್ಳುತ್ತ ಬೇಕಾದೆಡೆ ಸಾಗಬಹುದೆಂದೂ ವಿವರಿಸುತ್ತಾನೆ. ಅಲ್ಲಿನ ಜನರನ್ನು ಗಾಡ್ವಿನ್ ಭೂಮಿಯವರಿಗಿಂತ ಬಹು ಎತ್ತರದವರನ್ನಾಗಿ ಚಿತ್ರಿಸಿದ್ದಾನೆ. ಅದೇ 1638ರಲ್ಲಿ ಲೈಡನ್ ನಗರದಲ್ಲಿ ಗೆಲಿಲಿಯೋನ ಕೊನೆಯ ಗ್ರಂಥ ಹೊರಬಂದು, ಪ್ರಾಣಿಯ ಗಾತ್ರ ಹೆಚ್ಚಿದಂತೆ ಅದರ ತೂಕ ಉದ್ದಳತೆಯ ಘನದಂತೆ ಬೆಳೆಯುತ್ತದೆ, ಮೂಳೆಯ ಬಲವಾದರೋ ವರ್ಗದಂತೆ ಮಾತ್ರ ಬೆಳೆಯುತ್ತದೆ, ಆದುದರಿಂದ ದೈತ್ಯನ ಮೂಳೆಗಳು ಅಳತೆ ಮೀರಿ ದಪ್ಪವಾಗಿರಲೇಬೇಕು ಎಂಬ ನಿಯಮವನ್ನು ಮುಂದಿಟ್ಟಿತು. ಹಗುರ ಲೋಕದ ದೈತ್ಯರಿಗೆ ಬೇಕಾದ ಗಣಿತ ಒಂದೆಡೆಯೂ ಅವರ ಕಥೆ ಇನ್ನೊಂದೆಡೆಯೂ ಒಂದೇ ವರ್ಷ ಹುಟ್ಟಿದ ಈ ಕಾಕತಾಳೀಯ, ಈ ಸಾಹಿತ್ಯದ ಚರಿತ್ರೆಯಲ್ಲಿ ಗಮನಿಸಲೇಬೇಕಾದ ಸಂಗತಿಯಾಗಿದೆ.

ಚಂದ್ರನ ಸೆಳೆತ ನಿಖರವಾಗಿ ಎಷ್ಟೆಂಬುದು ಮಾತ್ರ ಆಗ ಯಾರಿಗೂ ತಿಳಿದಿರಲಿಲ್ಲ. ನ್ಯೂಟನ್ ಸಮುದ್ರದ ಉಬ್ಬರವಿಳಿತಗಳ ಆಧಾರದ ಮೇಲೆ ಚಂದ್ರನ ದ್ರವ್ಯರಾಶಿ ಭೂಮಿಯದರ ನಲವತ್ತರಲ್ಲಿ ಒಂದು ಪಾಲೆಂದು ಲೆಕ್ಕ ಹಾಕಿ, ಅಲ್ಲಿನ ಗುರುತ್ವ ನಮ್ಮದರ ಮೂರರಲ್ಲೊಂದು ಎಂದು ತೀರ್ಮಾನಿಸಿದ್ದ. ನಿಜವಾದ ಪಾಲು ಎಂಬತ್ತೊಂದರಲ್ಲಿ ಒಂದೆಂದೂ, ಗುರುತ್ವ ಆರರಲ್ಲೊಂದೆಂದೂ ಖಗೋಳಜ್ಞರು ಆಮೇಲೆ ಖಚಿತಪಡಿಸಿದರು. ಹತ್ತೊಂಬತ್ತನೆಯ ಶತಮಾನದ ಕಾದಂಬರಿಕಾರರ ಕೈಗೆ ಸಿಕ್ಕಿದ್ದು ಈ ಆರರ ಲೆಕ್ಕ.

ಆ ಲೆಕ್ಕವನ್ನು ಶ್ರದ್ಧೆಯಿಂದ ಬಳಸಿದವರಲ್ಲಿ ಜೂಲ್ಸ್ ವರ್ನ್ ಮುಖ್ಯನಾದರೂ, 1870ರ ಅವನ ‘ಚಂದ್ರನ ಸುತ್ತ’ ಕಾದಂಬರಿಯಲ್ಲಿ ಒಂದು ದೊಡ್ಡ ತಪ್ಪು ಉಳಿದುಕೊಂಡಿದೆ. ತೋಪಿನಿಂದ ಹಾರಿಸಿದ ಗುಂಡಿನೊಳಗೆ ಕುಳಿತ ಮೂವರು ಯಾತ್ರಿಕರ ತೂಕ ದಾರಿಯುದ್ದಕ್ಕೂ ನಿಧಾನವಾಗಿ ಇಳಿಯುತ್ತ ಬಂದು, ಎರಡೂ ಸೆಳೆತಗಳು ಸಮನಾಗುವ ಬಿಂದುವಿನಲ್ಲಿ ಮಾತ್ರ ಸೊನ್ನೆಯಾಗುತ್ತದೆ. ವಾಸ್ತವದಲ್ಲಿ ಎಂಜಿನ್ ಇಲ್ಲದೆ ಸಾಗುವ ನೌಕೆಯೂ ಅದರೊಳಗಿನ ಮನುಷ್ಯರೂ ಒಂದೇ ವೇಗದಲ್ಲಿ ಒಟ್ಟಿಗೆ ಬೀಳುತ್ತಿರುವುದರಿಂದ ಅವರ ಪಾದ ನೆಲವನ್ನು ಒತ್ತುವ ಪ್ರಶ್ನೆಯೇ ಏಳುವುದಿಲ್ಲ. ತೋಪು ಬಿಟ್ಟ ಕ್ಷಣದಿಂದಲೇ ಅವರು ತೇಲಬೇಕಿತ್ತು. ವಿಶೇಷವೆಂದರೆ ಸರಿಯಾದ ಉತ್ತರ ಅದೇ ಪುಸ್ತಕದಲ್ಲಿದೆ: ಸತ್ತ ನಾಯಿಯ ಶವವನ್ನು ಹೊರಗೆಸೆದಾಗ ಅದು ಹಿಂದುಳಿಯದೆ ಗುಂಡಿನ ಪಕ್ಕದಲ್ಲೇ ಸಾಗುತ್ತ ಬರುತ್ತದೆ. ಹೊರಗಿನ ಶವಕ್ಕೆ ಅನ್ವಯವಾದ ನಿಯಮ ಒಳಗಿನ ಜೀವಂತರಿಗೂ ಅನ್ವಯವಾಗುತ್ತದೆಂಬ ಒಂದು ಹೆಜ್ಜೆಯನ್ನು ವರ್ನ್ ಇಡಲಿಲ್ಲ. 1877ರ ‘ಹೆಕ್ಟರ್ ಸರ್ವಡಾಕ್’ನಲ್ಲಿ, ಧೂಮಕೇತುವಿನ ಮೇಲೆ ಸಿಕ್ಕಿಬಿದ್ದವರು ಅಲ್ಲಿನ ಗುರುತ್ವವನ್ನು ಸ್ಪ್ರಿಂಗ್ ತಕ್ಕಡಿಯಿಂದ ಅಳೆಯುವ ಪ್ರಸಂಗ ಮಾತ್ರ ಶಾಸ್ತ್ರಶುದ್ಧವಾಗಿದೆ, ಎರಡು ತಟ್ಟೆಯ ತಕ್ಕಡಿಯಲ್ಲಿ ಸಾಮಾನೂ ತೂಕದ ಬಟ್ಟೂ ಒಟ್ಟಿಗೆ ಹಗುರವಾಗುವುದರಿಂದ ಅದು ಯಾವ ಲೋಕದಲ್ಲೂ ವ್ಯತ್ಯಾಸವನ್ನು ತೋರಿಸಲಾರದು.

ವರ್ನ್ ಇಡದ ಹೆಜ್ಜೆಯನ್ನು ಇಟ್ಟವನು ರಷ್ಯದ ಕಲುಗಾ ಪಟ್ಟಣದಲ್ಲಿ ನೆಲೆಸಿದ್ದ ಶಾಲಾ ಉಪಾಧ್ಯಾಯ ಕಾನ್‌ಸ್ಟಾಂಟಿನ್ ತ್ಸಿಯೋಲ್ಕೊವ್‌ಸ್ಕಿ. ಬಾಲ್ಯದ ಜ್ವರದಿಂದ ಕಿವಿ ಮಂದವಾಗಿದ್ದ, ಬಹುಮಟ್ಟಿಗೆ ಸ್ವಂತ ಓದಿನಿಂದಲೇ ಭೌತಶಾಸ್ತ್ರ ಕಲಿತಿದ್ದ ಈತನ ‘ಚಂದ್ರನ ಮೇಲೆ’ ಎಂಬ ನೀಳ್ಗತೆ 1893ರಲ್ಲಿ ಪ್ರಕಟವಾಯಿತು. ಅದರಲ್ಲಿ ಚಂದ್ರನ ನೆಲ ವಿಸ್ಮಯದ ರಂಗವಾಗಿರುವಷ್ಟೇ ಪ್ರಯೋಗಶಾಲೆಯೂ ಆಗಿದೆ: ಗೋಡೆ ಗಡಿಯಾರದ ಲೋಲಕ ಮಂದಗತಿಯಲ್ಲಿ ತೂಗಾಡುತ್ತದೆ, ಏಕೆಂದರೆ ಅದನ್ನು ಆಡಿಸುವುದು ಗುರುತ್ವ, ಜೇಬಿನ ಗಡಿಯಾರವನ್ನು ನಡೆಸುವುದು ಸುರುಳಿ ಸ್ಪ್ರಿಂಗ್ ಆದುದರಿಂದ ಅದರ ಓಟದಲ್ಲಿ ಬದಲಾವಣೆಯಿಲ್ಲ. ಎರಡು ವರ್ಷಗಳ ನಂತರದ ‘ಭೂಮಿ ಮತ್ತು ಆಕಾಶದ ಕನಸುಗಳು’ ಕೃತಿಯಲ್ಲಿ ಅವನು ಗುರುತ್ವವೇ ಇಲ್ಲದ ಬದುಕನ್ನು ವಿವರಿಸುತ್ತಾನೆ. ಕಥೆಯ ಸೊಗಸಿನಲ್ಲಿ ಅವನು ವರ್ನ್‌ಗೆ ಸಾಟಿಯಲ್ಲ. ಆದರೆ ತೂಕವೆಂಬ ಒಂದೇ ಸಂಗತಿ ಬದಲಾದಾಗ ಬಾಳಿನ ಯಾವ ಯಾವ ವಿವರ ಬದಲಾಗುತ್ತದೆ, ಯಾವುದು ಬದಲಾಗುವುದಿಲ್ಲ ಎಂದು ತಾಳ್ಮೆಯಿಂದ ಬಿಡಿಸಿ ನೋಡುವ ಅವನ ಪದ್ಧತಿಯೇ ಈ ಸಾಹಿತ್ಯಪ್ರಕಾರ ಮುಂದೆ ಹಿಡಿದ ಅತ್ಯುತ್ತಮ ಮಾರ್ಗವಾಯಿತು.

ಇತ್ತ ಎಚ್. ಜಿ. ವೆಲ್ಸ್ ಗುರುತ್ವವನ್ನು ಜೀವಶಾಸ್ತ್ರದ ಕಡೆಗೆ ತಿರುಗಿಸಿದ. 1898ರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ನಲ್ಲಿ ಭೂಮಿಗಿಳಿದ ಮಂಗಳವಾಸಿಗಳು ತಮ್ಮ ಮೂರು ಪಟ್ಟು ತೂಕದಡಿ ಏದುಸಿರು ಬಿಡುತ್ತ ತೆವಳುತ್ತಾರೆ, 1901ರ ‘ದಿ ಫಸ್ಟ್ ಮೆನ್ ಇನ್ ದಿ ಮೂನ್’ನ ಚಂದ್ರವಾಸಿಗಳು ಮನುಷ್ಯನ ಒಂದು ಗುದ್ದಿಗೆ ಒಡೆದುಹೋಗುವಷ್ಟು ಬಡಕಲಾಗಿದ್ದಾರೆ. ದುರ್ಬಲ ಸೆಳೆತದಲ್ಲಿ ಹುಟ್ಟಿ ಬೆಳೆದ ದೇಹ ಅದಕ್ಕೆ ತಕ್ಕಂತೆಯೇ ಇರುತ್ತದೆಂಬ ಈ ಕಲ್ಪನೆಗೆ, ಮಂಗಳನಲ್ಲಿ ಕಾಲುವೆಗಳಿವೆಯೆಂದು ನಂಬಿದ್ದ ಅಮೆರಿಕದ ಖಗೋಳಜ್ಞ ಪರ್ಸಿವಲ್ ಲೋವೆಲ್ 1895ರಲ್ಲಿ ಬೇರೆಯೇ ರೂಪ ಕೊಟ್ಟಿದ್ದ: ಕಡಿಮೆ ಗುರುತ್ವದಿಂದಾಗಿ ಅಲ್ಲಿನವರು ಭಾರಿ ಗಾತ್ರದವರಾಗಿದ್ದು ನಮಗಿಂತ ಹೆಚ್ಚು ಅಗೆಯಬಲ್ಲರು ಎಂಬುದು ಅವನ ವಾದ. 1912ರಲ್ಲಿ ಧಾರಾವಾಹಿಯಾಗಿ ಬಂದ ಎಡ್ಗರ್ ರೈಸ್ ಬರೋಸ್‌ನ ಮಂಗಳ ಕಥೆಯ ನಾಯಕ ಜಾನ್ ಕಾರ್ಟರ್ ಭೂಮಿಯ ಸ್ನಾಯುಗಳ ಬಲದಿಂದ ನೆಗೆನೆಗೆದು ಶತ್ರುಗಳನ್ನು ಸೋಲಿಸುತ್ತಾನೆ. ಬರೋಸ್‌ನೂ ಅವನ ಅನುಯಾಯಿ ಲೇಖಕರೂ ಮೆರೆಸಿದ ಜಿಗಿತ ಜನಪ್ರಿಯವಾಯಿತೇ ಹೊರತು ಗುರುತ್ವದ ತಿಳಿವಳಿಕೆಗೆ ಹೆಚ್ಚಿನದೇನನ್ನೂ ಕೂಡಿಸಲಿಲ್ಲ.

ಸಿನಿಮಾಕ್ಕೆ ಎದುರಾದ ಸಮಸ್ಯೆ ಬೇರೆ ಬಗೆಯದು, ಏಕೆಂದರೆ ಲೇಖಕ ಒಂದು ವಾಕ್ಯದಲ್ಲಿ ಮುಗಿಸುವ ನೆಗೆತವನ್ನು ನಟ ಭೂಮಿಯ ಪೂರ್ತಿ ತೂಕದೊಡನೆ ಆಡಿ ತೋರಿಸಬೇಕು. ತ್ಸಿಯೋಲ್ಕೊವ್‌ಸ್ಕಿಯೇ ಸಲಹೆಗಾರನಾಗಿದ್ದು, ಅವನು ತೀರಿಕೊಂಡ ಮರುವರ್ಷ, 1936ರಲ್ಲಿ, ತೆರೆಕಂಡ ಸೋವಿಯತ್ ಮೂಕಿಚಿತ್ರ ‘ಕಾಸ್ಮಿಚೆಸ್ಕಿ ರೇಯ್ಸ್’ನಲ್ಲಿ ಚಂದ್ರನ ಬಂಡೆಯಿಂದ ಬಂಡೆಗೆ ಹಾರುವ ಆಕೃತಿಗಳು ಪುಟ್ಟ ಬೊಂಬೆಗಳಾಗಿದ್ದು, ಅವುಗಳನ್ನು ಚೂರುಚೂರೇ ಕದಲಿಸಿ ಒಂದೊಂದು ಚೌಕಟ್ಟನ್ನೂ ಬೇರೆ ಬೇರೆಯಾಗಿ ಚಿತ್ರೀಕರಿಸಲಾಗಿತ್ತು. ಆಮೇಲಿನ ಚಿತ್ರಗಳು ಬಹುಮಟ್ಟಿಗೆ ತಂತಿಯನ್ನೋ ನಿಧಾನಗತಿಯ ಚಿತ್ರಣವನ್ನೋ ನೆಚ್ಚಿಕೊಂಡವು. ದೃಶ್ಯವನ್ನು ಸುಮಾರು ಎರಡೂವರೆ ಪಟ್ಟು ನಿಧಾನಗೊಳಿಸಿದರೆ ಬೀಳುವ ವಸ್ತುಗಳು ಚಂದ್ರನ ಮೇಲೆ ಬಿದ್ದಂತೆಯೇ ಕಾಣುತ್ತವೆ, ಏಕೆಂದರೆ ಬೀಳಲು ಹಿಡಿಯುವ ಕಾಲ ಆರರ ವರ್ಗಮೂಲದಷ್ಟು ಹೆಚ್ಚುತ್ತದೆ. ಆದರೆ ಅದೇ ತಂತ್ರ ಕೈ ಬೀಸುವುದನ್ನೂ ತಲೆ ಹೊರಳಿಸುವುದನ್ನೂ ಮಂದಗೊಳಿಸಿಬಿಡುತ್ತದೆ. ಸ್ನಾಯುವಿನ ವೇಗಕ್ಕೂ ಗುರುತ್ವಕ್ಕೂ ನೇರ ಸಂಬಂಧವಿಲ್ಲದ ಕಾರಣ, ನಿಜವಾದ ಚಂದ್ರಯಾತ್ರಿಯ ಕೈಗಳು ಚುರುಕಾಗಿಯೇ ಆಡುತ್ತವೆ. ಚಂದ್ರನ ಮೇಲಿರುವವರೆಲ್ಲ ನೀರಿನಡಿಯಲ್ಲಿ ಇದ್ದವರಂತೆ ಚಲಿಸುತ್ತಾರೆಂಬ ತಪ್ಪು ಕಲ್ಪನೆ ಪ್ರೇಕ್ಷಕರಲ್ಲಿ ಗಟ್ಟಿಯಾಗಲು ಈ ತಂತ್ರವೂ ಕಾರಣ.

1969ರಿಂದ 1972ರವರೆಗೆ ಚಂದ್ರನ ಮೇಲೆ ಹನ್ನೆರಡು ಮಂದಿ ನಡೆದಾಗ ಕಥೆಗಳ ಜಿಗಿತಕ್ಕೆ ನೆಲದ ಪರೀಕ್ಷೆ ಒದಗಿತು. ಅಪೋಲೋ 16ರ ನಾಯಕ ಜಾನ್ ಯಂಗ್ ಧ್ವಜವಂದನೆ ಮಾಡುತ್ತ ನೆಗೆದ ಪ್ರಸಿದ್ಧ ದೃಶ್ಯದಲ್ಲಿ ಅವನ ಪಾದಗಳು ನೆಲದಿಂದ ಅರ್ಧ ಮೀಟರಿನಷ್ಟೂ ಮೇಲೇರಲಿಲ್ಲ. ಅದೇ ಯಾನದಲ್ಲಿ ಎತ್ತರ ಜಿಗಿಯಲು ಹೋದ ಚಾರ್ಲ್ಸ್ ಡ್ಯೂಕ್ ಬೆನ್ನಿನ ಮೇಲಿದ್ದ ಪ್ರಾಣವಾಯುವಿನ ಪೆಟ್ಟಿಗೆಯ ಭಾರಕ್ಕೆ ಹಿಂದಕ್ಕೆ ಉರುಳಿಬಿದ್ದ. ಆ ಪೆಟ್ಟಿಗೆಯೂ ಸೇರಿ ಭೂಮಿಯ ಮೇಲೆ 80 ಕಿಲೋಗೂ ಹೆಚ್ಚು ತೂಗುವ ಯಾತ್ರಿಕರ ಉಡುಪು ಚಂದ್ರನಲ್ಲಿ ಹಗುರವಾದರೂ ಅದರ ಜಡತ್ವ ಕಿಂಚಿತ್ತೂ ತಗ್ಗುವುದಿಲ್ಲ, ಪಾದಕ್ಕೂ ನೆಲಕ್ಕೂ ಇರುವ ಹಿಡಿತವಾದರೋ ತೂಕದೊಡನೆ ಆರರಲ್ಲೊಂದು ಪಾಲಿಗೆ ಇಳಿದುಬಿಡುತ್ತದೆ. ಹೊರಟವನಿಗೆ ನಿಲ್ಲುವುದು, ತಿರುಗುವುದು ಕಷ್ಟವಾಗುವುದು ಈ ಎರಡರ ಅಂತರದಿಂದ.

ಇದಕ್ಕೂ ಮೊದಲೇ, ರಾಬರ್ಟ್ ಹೈನ್‌ಲೈನ್ ಎಂಬ ಅಮೆರಿಕನ್ ಲೇಖಕ ಕಡಿಮೆ ಗುರುತ್ವದ ಎರಡೂ ಮುಖಗಳನ್ನು ಕಂಡಿದ್ದ. 1957ರ ‘ದಿ ಮೆನೇಸ್ ಫ್ರಮ್ ಅರ್ಥ್’ ಕಥೆಯಲ್ಲಿ ಚಂದ್ರನೊಳಗಿನ, ಗಾಳಿ ತುಂಬಿದ ಬೃಹತ್ ಗುಹೆಯೊಂದರಲ್ಲಿ ಹದಿಹರೆಯದ ಹುಡುಗಿ ತೋಳಿಗೆ ರೆಕ್ಕೆ ಕಟ್ಟಿಕೊಂಡು ಸ್ವಂತ ಬಲದಿಂದ ಹಾರುತ್ತಾಳೆ. ಆರರಲ್ಲೊಂದು ತೂಕಕ್ಕೆ ಮನುಷ್ಯನ ಸ್ನಾಯು ಸಾಲುತ್ತದೆಂಬುದು ಯುಕ್ತವಾದ ಲೆಕ್ಕವೇ, ಗಾಡ್ವಿನ್ನನ ಬೀಸಣಿಗೆಗೆ ಸಿಕ್ಕ ಶಾಸ್ತ್ರೀಯ ರೂಪವೆಂದರೂ ಸಲ್ಲುತ್ತದೆ. 1966ರ ‘ದಿ ಮೂನ್ ಈಸ್ ಎ ಹಾರ್ಶ್ ಮಿಸ್ಟ್ರೆಸ್’ ಇದಕ್ಕೆ ವಿರುದ್ಧ ದಿಕ್ಕಿನದು. ಚಂದ್ರ ಅಲ್ಲಿ ಗಡೀಪಾರಾದವರ ಸೆರೆಮನೆ. ಕೆಲವು ತಿಂಗಳು ಕಳೆದ ದೇಹ ಭೂಮಿಯ ತೂಕಕ್ಕೆ ಮರಳಲಾರದಾದುದರಿಂದ ಆ ಸೆರೆಗೆ ಗೋಡೆಯೂ ಬೇಡ, ಕಾವಲೂ ಬೇಡ. ಅಲ್ಲಿ ಬೆಳೆದ ಧಾನ್ಯವನ್ನು ವಿದ್ಯುತ್ ಕವಣೆಯಿಂದ ಚಿಮ್ಮಿಸಿ ಮುಂಬಯಿಯ ಬಳಿ ಕಡಲಿಗೆ ಬೀಳಿಸುತ್ತಾರೆ, ಏಕೆಂದರೆ ಚಂದ್ರನ ಸೆಳೆತದಿಂದ ಪಾರಾಗಲು ಸೆಕೆಂಡಿಗೆ 2.4 ಕಿಲೋಮೀಟರ್ ವೇಗ ಸಾಕು, ಭೂಮಿಯಿಂದ ಪಾರಾಗಲು 11.2 ಬೇಕು. ಭಾರತ ಬರದಿಂದ ತತ್ತರಿಸಿ ಅಮೆರಿಕದ ಗೋಧಿಗೆ ಕೈಯೊಡ್ಡಿದ್ದ ವರ್ಷಗಳಲ್ಲಿ ಬಂದ ಕಾದಂಬರಿಯಿದು. ವಾದ ಮಂಡಿಸಲು ಭೂಮಿಗೆ ಬಂದ ಚಂದ್ರನ ಪ್ರತಿನಿಧಿಗಳು ಗಾಲಿಕುರ್ಚಿಯಲ್ಲಿ ಕುಳಿತು ಆಗ್ರಾದ ಸಭೆಯನ್ನು ಎದುರಿಸುವ ಅಧ್ಯಾಯಗಳಲ್ಲಿ, ಗುರುತ್ವ ಮೊದಲ ಬಾರಿಗೆ ರಾಜಕೀಯದ ಪಾತ್ರವಾಗಿ ನಿಲ್ಲುತ್ತದೆಂದು ಹೇಳಬಹುದು.

2011ರಿಂದ ಪ್ರಕಟವಾದ, ಜೇಮ್ಸ್ ಎಸ್. ಎ. ಕೋರಿ ಎಂಬ ಕಾವ್ಯನಾಮದ ‘ಎಕ್ಸ್‌ಪ್ಯಾನ್ಸ್’ ಕಾದಂಬರಿಗಳು ಹೈನ್‌ಲೈನ್‌ನ ಈ ಎಳೆಯನ್ನೇ ಹಿಡಿದು ಬೆಳೆಸಿವೆ. ಕ್ಷುದ್ರಗ್ರಹಗಳ ಪಟ್ಟಿಯಲ್ಲಿ ಹುಟ್ಟಿ ನೀಳವಾಗಿ ಬೆಳೆದ ಜನರ ಮೈಕಟ್ಟೇ ಅವರ ವರ್ಗದ ಗುರುತಾಗುತ್ತದೆ. ಕಿರುತೆರೆಯ ರೂಪದಲ್ಲಂತೂ ಅಂಥ ಒಬ್ಬ ಬಂದಿಯನ್ನು ಭೂಮಿಯ ಗುರುತ್ವಕ್ಕೆ ಒಡ್ಡುವುದೇ ಚಿತ್ರಹಿಂಸೆಯಾಗುತ್ತದೆ. ಈ ಚಿತ್ರಕ್ಕೆ ಆಧಾರವಾದ ವೈದ್ಯಕೀಯ ಮಾಹಿತಿ ಬಹುಪಾಲು ಬಾಹ್ಯಾಕಾಶ ನಿಲ್ದಾಣದ ತೂಕರಹಿತ ಸ್ಥಿತಿಗೆ ಸೇರಿದ್ದು. ಅಲ್ಲಿ ಭಾರ ಹೊರುವ ಮೂಳೆಗಳ ಸಾಂದ್ರತೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಕುಗ್ಗುತ್ತದೆ. ಸೊನ್ನೆಗೂ ಒಂದಕ್ಕೂ ನಡುವಣ ಗುರುತ್ವದಲ್ಲಿ ಮನುಷ್ಯರು ಸತತವಾಗಿ ಕಳೆದ ಅತಿ ದೀರ್ಘ ಅವಧಿ ಅಪೋಲೋ 17ರ ಮೂರು ದಿನ. ಮಾಹಿತಿಯ ಈ ಕೊರತೆಯನ್ನು ಸ್ವಲ್ಪವಾದರೂ ನೀಗಿಸಲು ಜಪಾನಿನ ಸಂಶೋಧಕರು ನಿಲ್ದಾಣದ ಕಿಬೋ ಪ್ರಯೋಗಾಲಯದಲ್ಲಿ ಇಲಿಗಳನ್ನು ತಿರುಗುವ ಯಂತ್ರದಲ್ಲಿಟ್ಟು ಚಂದ್ರನಷ್ಟೇ ಗುರುತ್ವದಲ್ಲಿ ಸಾಕಿದರು. 2023ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ, ಆರರಲ್ಲೊಂದು ಗುರುತ್ವ ಕಾಲಿನ ಸ್ನಾಯು ಸವೆಯುವುದನ್ನು ತಡೆಯಿತು, ಆದರೆ ದೇಹವನ್ನು ನೆಟ್ಟಗೆ ನಿಲ್ಲಿಸುವ ನಿಧಾನ ಬಗೆಯ ಸ್ನಾಯು ಎಳೆಗಳು ವೇಗದ ಬಗೆಗೆ ಬದಲಾಗುವುದನ್ನು ತಡೆಯಲಿಲ್ಲ.