ಈಜು ಸ್ಪರ್ಧೆಗಳ ಛಾಯಾಗ್ರಹಣ

ಕ್ರೀಡಾ ಛಾಯಾಗ್ರಹಣದ ಒಂದು ಕವಲು. ಕೊಳದಲ್ಲೋ ಕೆರೆ, ನದಿ, ಸಮುದ್ರದಲ್ಲೋ ನಡೆಯುವ ಈಜು ಸ್ಪರ್ಧೆಯ ಜಿಗಿತ, ಈಜು, ತಿರುವು, ಮುಕ್ತಾಯಗಳನ್ನೂ ಸ್ಪರ್ಧಿಗಳ ಭಾವವನ್ನೂ ಸೆರೆಹಿಡಿಯುವುದು ಇದರ ಕೆಲಸ. ಕಬಡ್ಡಿ, ಕುಸ್ತಿ, ಓಟಗಳಲ್ಲಿ ಆಟಗಾರನ ಮುಖ ಬಹುಪಾಲು ಕಣ್ಣೆದುರೇ ಇರುತ್ತದೆ. ಈಜಿನಲ್ಲಿ ಅದು ಹೆಚ್ಚು ಹೊತ್ತು ನೀರೊಳಗೆ ಮುಳುಗಿರುತ್ತದೆ. ಮೇಲೆ ಬಂದರೂ ಟೋಪಿ, ಕನ್ನಡಕ, ನೊರೆಗಳ ಮರೆ. ಆದ್ದರಿಂದ ಇಲ್ಲಿ ಬೆರಳಿನ ಚುರುಕಿಗಿಂತ ಈಜಿನ ಲಯದ ತಿಳಿವಳಿಕೆ ದೊಡ್ಡದು. ಮುಖ ಯಾವಾಗ, ಯಾವ ಕಡೆ ಮೇಲೇಳುತ್ತದೆ ಎಂಬುದು ಮೊದಲೇ ಗೊತ್ತಿದ್ದವರಿಗೆ ಚಿತ್ರ ಸಿಗುತ್ತದೆ, ಉಳಿದವರಿಗೆ ಬರೀ ನೊರೆ ಸಿಗುತ್ತದೆ.

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಿಗೆ ನೀರೇನೂ ಅಪರೂಪವಲ್ಲ. ಹಾನಗಲ್, ಸವಣೂರು ಸೀಮೆಯಲ್ಲಿ ವರದಾ ಹರಿಯುತ್ತದೆ, ಹಿರೇಕೆರೂರು ಸೀಮೆಯಲ್ಲಿ ಕುಮುದ್ವತಿ. ಹಾನಗಲ್ಲಿನ ಆನಿಕೆರೆ, ಸವಣೂರಿನ ಮೋತಿ ತಲಾಬ, ಮದಗ–ಮಾಸೂರು ಕೆರೆ ಹೆಸರಾದವು. ಹಳ್ಳಿಯ ಹುಡುಗರು ಸೊಂಟಕ್ಕೆ ಒಣಗಿದ ಸೋರೆ ಬುರುಡೆಯನ್ನೋ ಬೆಂಡನ್ನೋ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿಯುವುದು ಹಳೆಯ ರೂಢಿ. ಆದರೆ ಲೇನ್, ಗಡಿಯಾರ, ತೀರ್ಪುಗಾರರಿರುವ ಸ್ಪರ್ಧಾ ಈಜು ಕರ್ನಾಟಕದಲ್ಲಿ ಬಹುಮಟ್ಟಿಗೆ ಬೆಂಗಳೂರಿನದು. ಅದನ್ನು ಚಿತ್ರಿಸಬೇಕೆನ್ನುವ ಈ ಕಡೆಯ ಫೋಟೊಗ್ರಾಫರ್ ಶಿಗ್ಗಾವಿಯ ಮೇಲೆ ಹಾಯ್ದುಹೋಗುವ ಪುಣೆ–ಬೆಂಗಳೂರು ಹೆದ್ದಾರಿ ಹಿಡಿದು ಮುನ್ನೂರು ಕಿ.ಮೀ.ಗೂ ಹೆಚ್ಚು ದೂರ ಹೋಗಬೇಕಾಗುತ್ತದೆ.

ಹಾಗೆ ಹೋದವರು ಬರಿಗೈಯಲ್ಲಿ ಹೋಗುವುದಿಲ್ಲ. ಈ ನಾಲ್ಕೂ ತಾಲ್ಲೂಕುಗಳಲ್ಲಿ ದೀಪಾವಳಿಯಿಂದ ಶುರುವಾಗುವ ಕೊಬ್ಬರಿ ಹೋರಿ ಸ್ಪರ್ಧೆ ವೇಗದ ಚಿತ್ರಣಕ್ಕೆ ಒಳ್ಳೆಯ ಗರಡಿ. ಕೊಬ್ಬರಿ ಸರ, ಬಲೂನು, ಜೂಲದಿಂದ ಸಿಂಗರಿಸಿದ ಹೋರಿ ಜನರ ನಡುವೆ ನುಗ್ಗುವಾಗ ಅದರ ದಾರಿಯನ್ನು ಊಹಿಸಿ ಫೋಕಸ್ ಕಾಯ್ದಿಟ್ಟುಕೊಳ್ಳುವುದು ಇಲ್ಲಿಯ ಕ್ಯಾಮೆರಾದವರಿಗೆ ಕರಗತ. ವ್ಯತ್ಯಾಸವೂ ಇದೆ. ಹೋರಿ ಎತ್ತ ತಿರುಗುತ್ತದೆಂದು ಹೇಳಬರುವುದಿಲ್ಲ, ಓಟವೂ ಒಮ್ಮೆಗೇ ಮುಗಿಯುತ್ತದೆ. ಈಜುಗಾರ ತನ್ನ ಲೇನ್ ಬಿಟ್ಟು ಕದಲುವುದಿಲ್ಲ, ಅದೇ ಚಲನೆಯನ್ನು ಹತ್ತಾರು ಬಾರಿ ಮಾಡುತ್ತಾನೆ. ಮೊದಲ ಸುತ್ತಿನಲ್ಲಿ ನೋಡಿ, ಎರಡನೆಯದರಲ್ಲಿ ಹೊಡೆಯಬಹುದು. ಹೊಸಬರು ಈ ಅನುಕೂಲವನ್ನು ಬಳಸುವುದೇ ಇಲ್ಲ. ಸೀಟಿ ಊದಿದ ಕೂಡಲೇ ಬಟನ್ ಒತ್ತಲು ತೊಡಗುತ್ತಾರೆ.

ನಾಲ್ಕು ಬಗೆಯ ಈಜಿಗೆ ನಾಲ್ಕು ಬಗೆಯ ಕಾಯುವಿಕೆ. ಬ್ರೆಸ್ಟ್‌ಸ್ಟ್ರೋಕ್ ಎಲ್ಲಕ್ಕಿಂತ ಸಲೀಸು. ಪ್ರತಿ ಸುತ್ತಿಗೂ ತಲೆ, ಭುಜ ಮೇಲೆ ಬರುತ್ತವೆ, ಬಾಯಿ ತೆರೆಯುತ್ತದೆ, ಗದ್ದದಿಂದ ನೀರು ಜಾಲರಿಯಂತೆ ಇಳಿಯುತ್ತದೆ. ಲೇನ್‌ನ ತುದಿಯಲ್ಲಿ ನೀರಿನ ಮಟ್ಟಕ್ಕೆ ಕುಳಿತು ಎದುರಿನಿಂದ ತೆಗೆದರೆ ಸಾಕು. ಬಟರ್‌ಫ್ಲೈಗೂ ಎದುರಿನ ಜಾಗವೇ ಸರಿ; ಎರಡೂ ತೋಳು ರೆಕ್ಕೆ ಬಿಚ್ಚಿ ಮುಂದೆ ಬರುವ ಗಳಿಗೆಯನ್ನು ಪಕ್ಕದಿಂದ ತೆಗೆದರೆ ಒಂದು ತೋಳು ಇನ್ನೊಂದನ್ನು ಮುಚ್ಚುತ್ತದೆ. ಆದರೆ ಬಟರ್‌ಫ್ಲೈನವರು ಎಲ್ಲ ಸಲವೂ ಉಸಿರಿಗೆ ತಲೆ ಎತ್ತುವುದಿಲ್ಲ. ಕೆಲವರು ಒಂದು ಬಿಟ್ಟು ಒಂದು, ಕೆಲವರು ಎರಡು ಎತ್ತಿ ಒಂದು ಬಿಡುತ್ತಾರೆ. ಆ ಎಣಿಕೆ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ.

ಫ್ರೀಸ್ಟೈಲ್ ಪಕ್ಕದಿಂದ ನೋಡಬೇಕಾದದ್ದು, ಅದೂ ಈಜುಗಾರ ಉಸಿರೆಳೆಯುವ ಪಕ್ಕದಿಂದ. ತಲೆಯ ಮುಂದೆ ಏಳುವ ಅಲೆಯ ಹಿಂದೆ ಒಂದು ತಗ್ಗು ಉಂಟಾಗುತ್ತದೆ. ಬಾಯಿ ಆ ತಗ್ಗಿನಲ್ಲಿ ಗಾಳಿ ಹುಡುಕುವಾಗ ಕನ್ನಡಕದ ಒಂದು ಗಾಜು ನೀರಿನ ಮೇಲೆ, ಇನ್ನೊಂದು ಕೆಳಗೆ. ಈ ಚಿತ್ರ 50 ಮೀಟರ್‌ನಲ್ಲಿ ಸಿಗುವುದು ಕಷ್ಟ. ಒಂದೆರಡೇ ಉಸಿರಿನಲ್ಲಿ, ಕೆಲವೊಮ್ಮೆ ಉಸಿರೇ ಎಳೆಯದೆ ಅವರು ಆಚೆ ದಡ ಮುಟ್ಟಿರುತ್ತಾರೆ. 1500 ಮೀಟರ್ ಅದಕ್ಕೆ ತದ್ವಿರುದ್ಧ. ದೊಡ್ಡ ಕೊಳದಲ್ಲಿ 30 ಉದ್ದ, ಸುಮಾರು ಕಾಲು ಗಂಟೆಯ ಅವಧಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕರ್ನಾಟಕದ ಗಗನ್ ಉಳ್ಳಾಲಮಠ್ ಈಜಿದ್ದು ಇದನ್ನೇ. ಇಷ್ಟು ಉದ್ದದ ಸ್ಪರ್ಧೆಯಲ್ಲಿ ಫೋಟೊಗ್ರಾಫರ್ ಜಾಗ ಬದಲಿಸಬಹುದು, ತಿರುವಿನ ಕಡೆ ಉಳಿದ ಸುತ್ತುಗಳ ಸಂಖ್ಯೆ ತೋರಿಸುವ ಅಧಿಕಾರಿಯನ್ನೂ ಕೊನೆಯ ಸುತ್ತಿಗೆ ಬಾರಿಸುವ ಗಂಟೆಯನ್ನೂ ಚೌಕಟ್ಟಿಗೆ ತರಬಹುದು. 200 ಮೀಟರ್ ಫ್ರೀಸ್ಟೈಲ್ ಈ ಎರಡರ ನಡುವಿನದು. 2000ರ ಸಿಡ್ನಿಯಲ್ಲಿ ಬೆಂಗಳೂರಿನ ನಿಶಾ ಮಿಲೆಟ್, 2024ರ ಪ್ಯಾರಿಸ್‌ನಲ್ಲಿ 14ರ ಹರೆಯದ ಧಿನಿಧಿ ದೇಸಿಂಗು ಒಲಿಂಪಿಕ್ಸ್‌ಗೆ ಇಳಿದದ್ದು ಈ ಸ್ಪರ್ಧೆಯಲ್ಲಿ.

ಬ್ಯಾಕ್‌ಸ್ಟ್ರೋಕ್‌ನಲ್ಲಿ ಮುಖ ಸದಾ ಮೇಲಿರುತ್ತದೆ. ಸುಲಭ ಎನಿಸಿದರೂ ತೋಳು ಎತ್ತಿದಾಗಲೆಲ್ಲ ಅದರಿಂದ ಸುರಿಯುವ ನೀರು ಮುಖದ ಮೇಲೇ ಬೀಳುತ್ತದೆ. ಇದರ ಒಳ್ಳೆಯ ಚಿತ್ರ ಆರಂಭದ್ದು. ಸ್ಪರ್ಧಿಗಳು ನೀರಿನಲ್ಲಿದ್ದುಕೊಂಡೇ ಜಿಗಿತದ ಕಟ್ಟೆಯಾದ ಬ್ಲಾಕ್‌ನ ಹಿಡಿಕೆ ಹಿಡಿದು ಗೋಡೆಗೆ ಕಾಲೊತ್ತಿ ಮುದುಡಿರುತ್ತಾರೆ. ಸದ್ದಾದೊಡನೆ ತಲೆ ಹಿಂದಕ್ಕೆ, ಬೆನ್ನು ಬಿಲ್ಲಿನಂತೆ ಬಾಗಿ, ಬೆರಳ ತುದಿಗಳು ಮೊದಲು ನೀರು ಹೊಗುತ್ತವೆ. ಪಕ್ಕದಲ್ಲಿ ತಗ್ಗಿ ಕುಳಿತವರಿಗೆ ಎಂಟೂ ಬಿಲ್ಲುಗಳು ಒಂದರ ಹಿಂದೊಂದು ಕಾಣುತ್ತವೆ. ಬೆಂಗಳೂರಿನ ಶ್ರೀಹರಿ ನಟರಾಜ್ ಈ ವಿಭಾಗದ ಹೆಸರಾಂತ ಈಜುಗಾರ. 2021ರ ಜೂನ್‌ನಲ್ಲಿ ರೋಮ್‌ನ ಸೆಟ್ಟೆ ಕೊಲಿ ಕೂಟದ ಟೈಮ್ ಟ್ರಯಲ್‌ನಲ್ಲಿ ಅವರು 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡ್‌ಗಳಲ್ಲಿ ಮುಗಿಸಿದರು. ಟೋಕಿಯೊ ಒಲಿಂಪಿಕ್ಸ್‌ನ ‘ಎ’ ಅರ್ಹತಾ ಮಟ್ಟ ಇದ್ದದ್ದು 53.85. ಸೆಕೆಂಡಿನ ನೂರರ ಎಂಟು ಪಾಲನ್ನು ಯಾವ ಲೆನ್ಸೂ ತೋರಿಸಲಾರದು. ಸಂಖ್ಯೆ ಕಂಡ ಈಜುಗಾರನ ಮುಖ ಮಾತ್ರ ಅದನ್ನು ಹೇಳೀತು. ಅನುಭವಿಗಳು ಕೊಳಕ್ಕೆ ಕಾಲಿಟ್ಟ ಕೂಡಲೇ ಫಲಿತಾಂಶದ ಫಲಕ ಎಲ್ಲಿದೆ ಎಂದು ಹುಡುಕುವುದು ಇದಕ್ಕೇ. ಗೋಡೆ ಮುಟ್ಟಿದವರು ಮೊದಲು ತಿರುಗಿ ನೋಡುವುದು ಅತ್ತ ಕಡೆಯೇ.

ಆರಂಭಕ್ಕೆ ಅದರದೇ ಶಿಸ್ತು ಇದೆ. ರೆಫರಿ ಚಿಕ್ಕ ಚಿಕ್ಕ ಸೀಟಿ ಊದಿದರೆ ಸ್ಪರ್ಧಿಗಳು ಮೇಲುಡುಪು ತೆಗೆದು ಸಿದ್ಧರಾಗಬೇಕು. ಉದ್ದನೆಯ ಸೀಟಿಗೆ ಬ್ಲಾಕ್ ಏರಬೇಕು, ಬ್ಯಾಕ್‌ಸ್ಟ್ರೋಕ್‌ನವರಾದರೆ ನೀರಿಗಿಳಿಯಬೇಕು. ‘ಟೇಕ್ ಯುವರ್ ಮಾರ್ಕ್ಸ್’ ಎಂದಮೇಲೆ ಸದ್ದಿನ ಸಂಕೇತದವರೆಗೆ ಇಡೀ ಕೊಳ ಮೌನ. ಈ ಹೊತ್ತಿನಲ್ಲಿ ಫ್ಲ್ಯಾಶ್ ಬೆಳಗಿಸುವಂತಿಲ್ಲ. ಶ್ರವಣದೋಷ ಇರುವ ಈಜುಗಾರರಿಗೆ ಬೆಳಕೇ ಆರಂಭದ ಸಂಕೇತ. ಉಳಿದವರೂ ಬೆಳಕಿಗೆ ಬೆಚ್ಚಿ ಜಿಗಿದರೆ ಅನರ್ಹರಾಗುತ್ತಾರೆ. ತಾಲ್ಲೂಕು ಕೇಂದ್ರಗಳ ಸ್ಟುಡಿಯೊಗಳಿಂದ ಬಂದವರಿಗೆ ಬದಲಿಸಿಕೊಳ್ಳಲು ಕಷ್ಟವಾಗುವ ರೂಢಿ ಇದೊಂದೇ. ಮದುವೆ ಮಂಟಪದಲ್ಲಿ ಫ್ಲ್ಯಾಶ್ ಇಲ್ಲದೆ ಕೈ ಓಡುವುದಿಲ್ಲ, ಕೊಳದ ದಡದಲ್ಲಿ ಅದನ್ನು ಚೀಲದಿಂದ ತೆಗೆಯದಿರುವುದೇ ಕ್ಷೇಮ. ಮದುವೆಗೆ ಬಳಸುವ 70–200 ಎಂ.ಎಂ., ಎಫ್ 2.8 ಲೆನ್ಸ್ ಮಾತ್ರ ಇಲ್ಲಿಯೂ ನಂಬಿಕೆಯ ಸಂಗಾತಿ. ಆಚೆ ತುದಿಯ ಲೇನ್‌ಗಳಿಗೆ 300 ಅಥವಾ 400 ಎಂ.ಎಂ. ಬೇಕು. ಸದ್ದಿಲ್ಲದ ಶಟರ್ ಇರುವ ಮಿರರ್‌ಲೆಸ್ ಕ್ಯಾಮೆರಾಗಳು ಬಂದಮೇಲೆ ಆ ಮೌನದಲ್ಲೂ ಚಿತ್ರ ತೆಗೆಯುವುದು ಸಾಧ್ಯವಾಗಿದೆ. ಆದರೆ ಕೆಲವು ಎಲ್‌ಇಡಿ ದೀಪಗಳ ಕೆಳಗೆ ಅದೇ ಎಲೆಕ್ಟ್ರಾನಿಕ್ ಶಟರ್ ಚಿತ್ರಕ್ಕೆ ಅಡ್ಡ ಪಟ್ಟೆಗಳನ್ನು ಎಳೆಯುತ್ತದೆ.

ನೀರ ಹನಿಗಳು ಮುತ್ತಿನಂತೆ ಬಿಡಿಬಿಡಿಯಾಗಿ ನಿಲ್ಲಬೇಕಾದರೆ ಸೆಕೆಂಡಿನ 1/1000 ಅಥವಾ ಅದಕ್ಕಿಂತ ಚುರುಕಾದ ಶಟರ್ ವೇಗ ಬೇಕು. ಕ್ಯಾಮೆರಾದ ಬೆಳಕಿನ ಮಾಪಕ ಬಿಳಿ ನೊರೆ ಕಂಡರೆ ಚಿತ್ರವನ್ನು ಕಪ್ಪಾಗಿಸುತ್ತದೆ, ಕಡುನೀಲಿ ನೀರು ಕಂಡರೆ ನೊರೆಯನ್ನು ಸುಣ್ಣದಂತೆ ಬಿಳುಚಿಸುತ್ತದೆ. ಒಮ್ಮೆ ಮುಖದ ಬೆಳಕು ನೋಡಿ ಮ್ಯಾನ್ಯುಯಲ್‌ನಲ್ಲಿ ಗಟ್ಟಿ ಮಾಡಿಕೊಂಡರೆ ತೊಂದರೆ ಇಲ್ಲ. ಕರ್ನಾಟಕದಲ್ಲಿ ಬಯಲಿನ ಕೊಳಗಳೇ ಹೆಚ್ಚು; ಬೆಳಗಿನ ಹೀಟ್ಸ್‌ನಲ್ಲಿ ಓರೆ ಬಿಸಿಲು, ಸಂಜೆಯ ಫೈನಲ್‌ನಲ್ಲಿ ದೀಪದ ಬೆಳಕು. ಮುಚ್ಚಿದ ಕೊಳದಲ್ಲಿ ಬೇರೆಯೇ ಕಾಟ. ಎ.ಸಿ. ಕೋಣೆಯಿಂದ ತಂದ ತಣ್ಣನೆಯ ಲೆನ್ಸ್ ಮೇಲೆ ಬೆಚ್ಚನೆಯ ತೇವ ಕೂತು ಮಂಜು ಕಟ್ಟುತ್ತದೆ. ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ. ಸ್ಪರ್ಧೆಗೆ ಮುಂಚೆಯೇ ಹೋಗಿ, ಮುಚ್ಚಿದ ಚೀಲದಲ್ಲೇ ಕ್ಯಾಮೆರಾವನ್ನು ಆ ಹವೆಗೆ ಒಗ್ಗಿಸುವುದೊಂದೇ ದಾರಿ.

ಕ್ಯಾಮೆರಾ ಸಾಕ್ಷಿಯಾಗಿಯೂ ಈಜುಕೊಳಕ್ಕೆ ಬಂದಿದೆ. 1960ರ ರೋಮ್ ಒಲಿಂಪಿಕ್ಸ್‌ನ ಪುರುಷರ 100 ಮೀಟರ್ ಫ್ರೀಸ್ಟೈಲ್ ಫೈನಲ್‌ನಲ್ಲಿ ಆಸ್ಟ್ರೇಲಿಯಾದ ಜಾನ್ ಡೆವಿಟ್, ಅಮೆರಿಕದ ಲ್ಯಾನ್ಸ್ ಲಾರ್ಸನ್ ಹೆಚ್ಚುಕಡಿಮೆ ಒಟ್ಟಿಗೇ ಗೋಡೆ ಮುಟ್ಟಿದರು. ಸ್ಟಾಪ್‌ವಾಚ್ ಹಿಡಿದ ಮೂವರೂ ಲಾರ್ಸನ್‌ಗೆ ಕಡಿಮೆ ಸಮಯ ಬರೆದುಕೊಂಡಿದ್ದರು. ಕಣ್ಣಳತೆಯ ತೀರ್ಪುಗಾರರು ಇಬ್ಭಾಗವಾದರು. ಮುಖ್ಯ ತೀರ್ಪುಗಾರರು ಚಿನ್ನವನ್ನು ಡೆವಿಟ್‌ಗೆ ಕೊಟ್ಟರು. ಚಲನಚಿತ್ರದ ದೃಶ್ಯಗಳನ್ನು ಮುಂದಿಟ್ಟು ಅಮೆರಿಕ ಮಾಡಿದ ಮನವಿ ನಡೆಯಲಿಲ್ಲ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ಗೆ ಒಮೆಗಾ ಕಂಪನಿಯ ಟಚ್‌ಪ್ಯಾಡ್ ಬಂದು, ಈಜುಗಾರನ ಕೈಯೇ ಗಡಿಯಾರ ನಿಲ್ಲಿಸತೊಡಗಿತು. ನಾಲ್ಕೇ ವರ್ಷದಲ್ಲಿ ಯಂತ್ರದ ಅತಿನಿಖರತೆಯೇ ತಲೆನೋವಾಯಿತು. 1972ರ ಮ್ಯೂನಿಕ್‌ನ 400 ಮೀಟರ್ ಮೆಡ್ಲೆಯಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಅಮೆರಿಕದ ಟಿಮ್ ಮೆಕ್ಕಿಯನ್ನು ಸೋಲಿಸಿದ್ದು ಸೆಕೆಂಡಿನ ಸಾವಿರದ ಎರಡು ಪಾಲಿನಿಂದ. ದೂರದ ಲೆಕ್ಕದಲ್ಲಿ ಸುಮಾರು ಮೂರು ಮಿಲಿಮೀಟರ್. ಅಷ್ಟು ಸಮನಾದ ಕೊಳವನ್ನು ಯಾವ ಗಾರೆಯವನೂ ಕಟ್ಟಲಾರ. ಆಮೇಲೆ ನಿಯಮ ಬದಲಾಗಿ ನೂರರ ಪಾಲಿಗೇ ಎಣಿಕೆ ನಿಂತಿತು. 2016ರ ರಿಯೊದಲ್ಲಿ 100 ಮೀಟರ್ ಬಟರ್‌ಫ್ಲೈನ ಬೆಳ್ಳಿಗೆ ಈಜುಗಾರರಾದ ಮೈಕೆಲ್ ಫೆಲ್ಪ್ಸ್, ಲೆ ಕ್ಲೋಸ್, ಚೆಹ್ ಮೂವರೂ 51.14 ಸೆಕೆಂಡ್‌ಗಳೊಡನೆ ಒಂದೇ ಮೆಟ್ಟಿಲ ಮೇಲೆ ನಿಂತ ಚಿತ್ರ ಆ ನಿಯಮದ ಕೊಡುಗೆ.

ನೀರಿನೊಳಗಿನಿಂದ ತೆಗೆಯುವ ಕಲೆಗೂ ಹಳೆಯ ಚರಿತ್ರೆ ಇದೆ. 1936ರ ಬರ್ಲಿನ್ ಒಲಿಂಪಿಕ್ಸ್ ಕುರಿತು ಲೆನಿ ರೀಫೆನ್‌ಸ್ಟಾಲ್ ತೆಗೆದ ‘ಒಲಿಂಪಿಯಾ’ ಚಿತ್ರಕ್ಕಾಗಿ ಹಾನ್ಸ್ ಎರ್ಟ್ಲ್ ಕ್ಯಾಮೆರಾವನ್ನು ನೀರಿಗಿಳಿಸಿ ಡೈವಿಂಗ್ ಚಿತ್ರಿಸಿದ್ದ. ಸ್ಪರ್ಧಾ ಈಜಿನಲ್ಲಿ ಈ ಬಗೆಗೆ ಹೆಸರು ತಂದವರು ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ಪತ್ರಿಕೆಯ ಹೈನ್ಸ್ ಕ್ಲೂಟ್‌ಮೈಯರ್. 2008ರ ಬೀಜಿಂಗ್‌ನ 100 ಮೀಟರ್ ಬಟರ್‌ಫ್ಲೈನಲ್ಲಿ ಮೈಕೆಲ್ ಫೆಲ್ಪ್ಸ್ 50.58, ಸರ್ಬಿಯಾದ ಮಿಲೊರಾದ್ ಚಾವಿಚ್ 50.59. ದಡದಿಂದ ನೋಡಿದ ಹಲವರಿಗೆ ಚಾವಿಚ್ ಗೆದ್ದಂತೆ ಕಂಡಿತ್ತು. ಕೊಳದ ತಳದಲ್ಲಿ ಮೊದಲೇ ಇಟ್ಟಿದ್ದ ಕ್ಲೂಟ್‌ಮೈಯರ್ ಅವರ ಕ್ಯಾಮೆರಾ ಬೇರೆ ಕಥೆ ಹೇಳಿತು: ಚಾವಿಚ್ ಚಾಚಿದ ಕೈಯಲ್ಲಿ ಜಾರಿಕೊಂಡು ಬರುತ್ತಿದ್ದಾನೆ, ಫೆಲ್ಪ್ಸ್ ಇನ್ನೊಂದು ಗಿಡ್ಡ ತೋಳುಬೀಸು ಹಾಕಿ ಗೋಡೆಗೆ ಬಡಿಯುತ್ತಿದ್ದಾನೆ. ಸರ್ಬಿಯಾದ ಆಕ್ಷೇಪ ತಳ್ಳಿಹೋದದ್ದು ಒಮೆಗಾದ ಅತಿವೇಗದ ಚಿತ್ರಗಳಿಂದ. ಜನರ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಪತ್ರಿಕೆಯ ಚಿತ್ರ.

ಕರ್ನಾಟಕದ ಕೊಳಗಳಲ್ಲಿ ತಳದ ಕ್ಯಾಮೆರಾದ ವೈಭವ ಅಪರೂಪ. ದಡದ ಅವಕಾಶಗಳು ಮಾತ್ರ ಸಾಕಷ್ಟಿವೆ. 74ನೇ ರಾಷ್ಟ್ರೀಯ ಸೀನಿಯರ್ ಈಜು ಚಾಂಪಿಯನ್‌ಷಿಪ್ 2021ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಸವನಗುಡಿ ಈಜು ಕೇಂದ್ರದಲ್ಲಿ ನಡೆಯಿತು. ಮಂಗಳೂರಿನ ಎಮ್ಮೆಕೆರೆಯಲ್ಲಿ 2023ರಲ್ಲಿ ಹೊಸ ಈಜುಕೊಳ ತೆರೆಯಿತು. ಪ್ಯಾರಾ ಈಜಿನಲ್ಲೂ ರಾಜ್ಯದ ಹೆಸರು ದೊಡ್ಡದು. ಬೆಂಗಳೂರಿನ ಶರತ್ ಗಾಯಕವಾಡ್ 2014ರ ಇಂಚಾನ್ ಪ್ಯಾರಾ ಏಷ್ಯನ್ ಕ್ರೀಡಾಕೂಟದಲ್ಲಿ ಆರು ಪದಕ ಗೆದ್ದರು. ಇಂಥ ಸ್ಪರ್ಧೆಯಲ್ಲಿ ಲೆನ್ಸ್ ಸುಮ್ಮನೆ ದೇಹದ ಕೊರತೆಯತ್ತ ಜೂಮ್ ಆಗುವುದು ಸೋಮಾರಿ ಛಾಯಾಗ್ರಹಣ. ಒಂದು ತೋಳಿನ ಈಜುಗಾರ ಸಮತೋಲ ಕಾಯ್ದುಕೊಳ್ಳುವ ಬಗೆ, ದೃಷ್ಟಿಯಿಲ್ಲದ ಈಜುಗಾರನಿಗೆ ಗೋಡೆ ಹತ್ತಿರವಾದುದನ್ನು ಉದ್ದನೆಯ ಕೋಲಿನಿಂದ ತಟ್ಟಿ ತಿಳಿಸುವ ಸಹಾಯಕನ ಏಕಾಗ್ರತೆ, ಇವುಗಳಲ್ಲಿ ಚಿತ್ರ ಇದೆ.

ಕೆರೆ, ಹೊಳೆಗಳ ಈಜು ಚಿತ್ರಿಸುವವರಿಗೆ ಲೇನ್ ಇಲ್ಲ, ಗೋಡೆ ಇಲ್ಲ. ದೋಣಿಯಲ್ಲಿ ಕುಳಿತು, ಓಲಾಟದ ನಡುವೆ, ಟೋಪಿಯ ಬಣ್ಣದಿಂದ ಜನರನ್ನು ಗುರುತಿಸಬೇಕು. ನೀರಿನ ಮಿಂಚನ್ನು ತಗ್ಗಿಸಲು ಪೋಲರೈಸರ್ ನೆರವಾಗುತ್ತದೆ, ಆದರೆ ಬೆಳಕನ್ನೂ ನುಂಗುತ್ತದೆ.

ಈಜುಕೂಟಗಳ ಸ್ಪರ್ಧಿಗಳಲ್ಲಿ ಹೆಚ್ಚಿನವರು ಮಕ್ಕಳು, ಉಡುಪು ಈಜಿನದು. ಆದ್ದರಿಂದ ಸಂಘಟಕರ ಅನುಮತಿ, ಪೋಷಕರ ಒಪ್ಪಿಗೆ ಪಡೆದೇ ಚಿತ್ರ ತೆಗೆಯುವುದು ಕ್ರಮ. ಬ್ಲಾಕ್‌ಗಳ ಹಿಂದೆ ನಿಂತು ತೆಗೆಯುವುದನ್ನು, ಉಡುಪು ಬದಲಿಸುವ ಜಾಗದ ಸುತ್ತ ಕ್ಯಾಮೆರಾ ಹಿಡಿದು ಓಡಾಡುವುದನ್ನು ಪತ್ರಿಕೆಯ ಗುರುತಿನ ಚೀಟಿ ಇದ್ದವರೂ ಮಾಡಬಾರದು.

ಕೊನೆಯ ಕೆಲಸ ಅಡಿಬರಹದ್ದು. ಟೋಪಿ, ಕನ್ನಡಕ ಹಾಕಿದ ಎಂಟು ಜನರಲ್ಲಿ ಯಾರು ಯಾರೆಂದು ಮುಖ ನೋಡಿ ಹೇಳಲಾಗದು. ಆರಂಭದ ತುದಿಯಲ್ಲಿ ಕೊಳಕ್ಕೆ ಮುಖ ಮಾಡಿ ನಿಂತರೆ ಬಲಗಡೆಯದು ಒಂದನೇ ಲೇನ್. ಎಂಟು ಲೇನ್‌ಗಳ ಫೈನಲ್‌ನಲ್ಲಿ ಹೀಟ್ಸ್‌ನ ಅತಿ ವೇಗದವರಿಗೆ ನಾಲ್ಕನೆಯದು, ಆಮೇಲಿನವರಿಗೆ ಕ್ರಮವಾಗಿ 5, 3, 6, 2, 7, 1, 8. ಹತ್ತು ಲೇನ್‌ಗಳಿದ್ದಲ್ಲಿ ಎಣಿಕೆ ಸೊನ್ನೆಯಿಂದ ಒಂಬತ್ತು. ಎದುರು ದಡದಿಂದ ತೆಗೆದವರಿಗೆ ಇದೆಲ್ಲ ತಿರುವುಮುರುವಾಗಿ ಕಾಣುವುದರಿಂದ ಹೆಸರುಗಳು ಅದಲುಬದಲಾಗುವುದುಂಟು. ಪ್ರತಿ ಸ್ಪರ್ಧೆಗೆ ಮುಂಚೆ ಸ್ಪರ್ಧಿಗಳ ಪಟ್ಟಿಯದೊಂದು, ಮುಗಿದಮೇಲೆ ಫಲಿತಾಂಶದ ಫಲಕದ್ದೊಂದು ಚಿತ್ರ ತೆಗೆದಿಟ್ಟುಕೊಳ್ಳುವವರು ರಾತ್ರಿ ಪತ್ರಿಕೆಯ ಹುಬ್ಬಳ್ಳಿ ಆವೃತ್ತಿಗೆ ಫೋಟೊ ಕಳಿಸುವಾಗ ಯಾರಿಗೂ ಫೋನ್ ಮಾಡಿ ಕೇಳಬೇಕಾಗುವುದಿಲ್ಲ.