ರಜೆಯ ಕೈಕೆಲಸ: ಹಾಳೆ, ಗರಿ, ಗೆರಟೆಗಳ ಆಟಿಕೆಗಳು

ರಾಜ್ಯದ ಶಾಲೆಗಳಿಗೆ ಬೇಸಿಗೆ ರಜೆ ದೊರೆಯುವುದು ಏಪ್ರಿಲ್ ಎರಡನೆಯ ವಾರದಲ್ಲಿ. ಮತ್ತೆ ಗಂಟೆ ಬಾರಿಸುವುದು ಮೇ ತಿಂಗಳ ಕೊನೆಗೆ. ಈ ನಡುವಿನ ಏಳು ವಾರ ಐದಾರು ವರ್ಷದ ಮಗುವನ್ನು ಮನೆಯಲ್ಲಿ ಏನು ಮಾಡಿಸುವುದೆಂಬ ಪ್ರಶ್ನೆಗೆ ನಗರದ ಪಾಲಕರು ಸಾಮಾನ್ಯವಾಗಿ ಕಂಡುಕೊಂಡಿರುವ ಉತ್ತರಗಳು ಎರಡು: ಶುಲ್ಕ ತೆತ್ತು ಸೇರಿಸುವ ಶಿಬಿರ, ಇಲ್ಲವೇ ಕೈಗೆ ಕೊಟ್ಟುಬಿಡುವ ಮೊಬೈಲು. ಮೂರನೆಯ ಉತ್ತರವೊಂದು ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ ಮತ್ತು ಈ ಎರಡೂ ತಾಲೂಕುಗಳ ಗ್ರಾಮಗಳನ್ನು ಸೇರಿಸಿ ರೂಪುಗೊಂಡ ಕಡಬದ ತೋಟಗಳಲ್ಲಿ ಬಹುಕಾಲದಿಂದ ಬಿದ್ದುಕೊಂಡಿದೆ. ಅಡಕೆ ಹಾಳೆ, ತೆಂಗಿನ ಗರಿ, ಗೆರಟೆ, ಹಲಸಿನೆಲೆ ಇವುಗಳಿಗೆ ಬೆಲೆಯಿಲ್ಲ. ಇವುಗಳಿಂದ ಆಗುವ ಆಟಿಕೆಗಳಿಗೆ ಅಂಗಡಿಯ ಹಂಗೂ ಇಲ್ಲ.

ಪುತ್ತೂರಿಗೆ ಈ ವಿಷಯದಲ್ಲಿ ಒಂದು ಹಿರಿಮೆಯೂ ಉಂಟು. ಡಾ. ಶಿವರಾಮ ಕಾರಂತರು (1902-1997) ದಶಕಗಳ ಕಾಲ ನೆಲೆಸಿದ್ದು ಇಲ್ಲಿನ ಪರ್ಲಡ್ಕದ ಬಾಲವನದಲ್ಲಿ. ಮಕ್ಕಳ ಶಿಕ್ಷಣದ ಪ್ರಯೋಗಗಳಿಗಾಗಿ ಅವರು ಕಟ್ಟಿಕೊಂಡ ತಾಣವದು; ‘ಬಾಲಪ್ರಪಂಚ’ದಂತಹ ಸಂಪುಟಗಳನ್ನು ಕನ್ನಡದ ಮಕ್ಕಳಿಗೆ ಕೊಟ್ಟವರೂ ಅವರೇ. ಕೈಯಿಂದ ಕಲಿಯುವುದು ತಲೆಯಿಂದ ಕಲಿಯುವುದಕ್ಕಿಂತ ಕೀಳಲ್ಲವೆಂಬ ವಿಚಾರ ಹೊಸದೇನಲ್ಲ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಆರಂಭಿಸಿದ ಶಾಲೆಯಲ್ಲಿ ಕಾಗದ ಮಡಿಚುವುದು, ಹೆಣೆಯುವುದು, ಮಣ್ಣು ತಿದ್ದುವುದು ಪಾಠವೇ ಆಗಿದ್ದವು. ಇಂದಿನ ಕಿಂಡರ್‌ಗಾರ್ಟನ್ ಎಂಬ ಹೆಸರು ಹುಟ್ಟಿದ್ದೂ ಅದರಿಂದಲೇ. ನಮ್ಮ ದೇಶದಲ್ಲಿ ಕಸದಿಂದ ವಿಜ್ಞಾನದ ಆಟಿಕೆಗಳನ್ನು ಮಾಡಿ ತೋರಿಸಿದ ಅರವಿಂದ ಗುಪ್ತಾ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿದೆ.

ಗರಿಯ ಪೀಪಿ, ಗಿರಗಿಟ್ಲೆ

ಮೊದಲ ದಿನಕ್ಕೆ ತಕ್ಕುದು ತೆಂಗಿನ ಗರಿಯ ಪೀಪಿ. ಹಸಿ ಮಡಲಿನಿಂದ ಒಂದು ಗರಿಯನ್ನು ಕಿತ್ತು ನಡುವಿನ ಕಡ್ಡಿಯನ್ನು ಸೀಳಿ ತೆಗೆಯಬೇಕು. ಉಳಿದ ಎಲೆಯ ಪಟ್ಟಿಯನ್ನು ಕಿರಿದಾದ ತುದಿಯಿಂದ ಆರಂಭಿಸಿ, ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಅರ್ಧ ಕೂರುವಂತೆ ಓರೆಯಾಗಿ ಸುತ್ತುತ್ತ ಹೋದರೆ ಕೊಳವೆ ಕೊಂಬಿನಂತೆ ಅಗಲವಾಗುತ್ತದೆ. ಕೊನೆಯ ಅಂಚಿಗೆ ಕಡ್ಡಿಯ ಚೂರೊಂದನ್ನು ಚುಚ್ಚಿ ನಿಲ್ಲಿಸಿ, ಕಿರಿದಾದ ಬಾಯಿಯನ್ನು ಬೆರಳಿನಿಂದ ಚಪ್ಪಟೆ ಮಾಡಿ ಊದಿದರಾಯಿತು. ಮೊದಲ ಎರಡು ಪ್ರಯತ್ನಗಳಲ್ಲಿ ಸ್ವರ ಬರುವುದಿಲ್ಲ. ಬಂದ ಮೇಲೆ ನಿಲ್ಲಿಸುವುದು ಕಷ್ಟ. ಮಧ್ಯಾಹ್ನ ನಿದ್ರಿಸುವ ಹಿರಿಯರಿರುವ ಮನೆಯವರು ಇದನ್ನು ಮನಗಂಡೇ ಕಲಿಸುವುದು ಒಳಿತು.

ಎರಡು ಪಟ್ಟಿಗಳನ್ನು ಒಂದರೊಳಗೊಂದು ಮಡಿಚಿ ನಡುವೆ ಚೌಕ ಬರುವಂತೆ ಬಿಗಿದರೆ ನಾಲ್ಕು ರೆಕ್ಕೆಗಳ ಗಿರಗಿಟ್ಲೆ ಸಿದ್ಧ. ಹಿಡಿಸೂಡಿಯ ಕಡ್ಡಿಯನ್ನು ಚೌಕದ ಮಧ್ಯೆ ಸಡಿಲವಾಗಿ ತೂರಿಸಿ ಓಡಿದರೆ ಅದು ತಿರುಗುತ್ತದೆ. ಕೈಗಡಿಯಾರ, ಕನ್ನಡಕ, ಹಾವು ಇವೆಲ್ಲ ಇದೇ ಮಡಿಕೆಯ ಮುಂದುವರಿಕೆ. ನಾಲ್ಕು ಪಟ್ಟಿಗಳಿಂದ ಹೆಣೆಯುವ ಗರಿಯ ಚೆಂಡು ಮಾತ್ರ ಏಳೆಂಟು ವರ್ಷಕ್ಕೆ ಮೊದಲು ಕೈಗೆ ಹತ್ತುವುದು ಅಪರೂಪ. ಚಿಕ್ಕವರಿಗೆ ಹಿರಿಯರು ಹೆಣೆದುಕೊಟ್ಟು, ಕೊನೆಯ ಮಡಿಕೆಯನ್ನಷ್ಟೇ ಅವರಿಂದ ಮಾಡಿಸಬಹುದು. ಕಳಚಿದ ಗರಿ ಮರುದಿನಕ್ಕೆ ಬಾಡಿ ಒಡೆಯುವುದರಿಂದ ಅಂದಿನದನ್ನು ಅಂದೇ ಮುಗಿಸತಕ್ಕದ್ದು.

ಹಾಳೆಯ ಗಾಡಿ, ಹಾಳೆಯ ಮುಖವಾಡ

ಅಡಕೆ ಮರವೊಂದು ವರ್ಷಕ್ಕೆ ಐದಾರು ಹಾಳೆಗಳನ್ನು ಉದುರಿಸುತ್ತದೆ. ಒಬ್ಬರು ಹಾಳೆಯ ಮೇಲೆ ಕುಳಿತು ಇನ್ನೊಬ್ಬರು ಸೋಗೆ ಹಿಡಿದು ಎಳೆಯುವ ಗಾಡಿಯಾಟವನ್ನು ಕರಾವಳಿಯ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಕೃಷಿಕರು ತಲೆಗಿಡುವ ಮುಟ್ಟಾಳೆಯೂ ಹಾಳೆಯದೇ ಆದರೂ ಅದರ ಮಡಿಕೆ ನುರಿತವರ ಕೆಲಸ. ಮಕ್ಕಳಿಗೆ ಒಗ್ಗುವುದು ಮುಖವಾಡ. ಒಣ ಹಾಳೆಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿದರೆ ಕತ್ತರಿಗೆ ಮಣಿಯುತ್ತದೆ. ಮುಖದ ಅಳತೆಗೆ ಕತ್ತರಿಸಿ, ಕಣ್ಣಿನ ತೂತುಗಳನ್ನು ಹಿರಿಯರು ಕೊರೆದುಕೊಟ್ಟು, ಕಲ್ಲೊಂದನ್ನು ಹೇರಿ ನೆರಳಿನಲ್ಲಿ ಒಣಗಿಸಿದ ಬಳಿಕ ಬಣ್ಣ. ಮಸಿ, ಅರಸಿನ, ಕೆಂಪು ಮಣ್ಣು ಸಾಕು.

ತೆಂಕುತಿಟ್ಟಿನ ಯಕ್ಷಗಾನ ನೋಡಿ ಬೆಳೆದ ಈ ಭಾಗದ ಮಕ್ಕಳು ಮುಖವಾಡದ ನಂತರ ಕಿರೀಟ ಕೇಳುವುದು ನಿಶ್ಚಿತ. ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ ಚಾಕಲೇಟಿನ ಮಿನುಗು ಕಾಗದ ಅಂಟಿಸಿದರೆ ಅದೂ ಆಗುತ್ತದೆ. 1986ರಿಂದ ಕ್ಯಾಂಪ್ಕೋ ಚಾಕಲೇಟು ಕಾರ್ಖಾನೆಯನ್ನೇ ಹೊಂದಿರುವ ಪುತ್ತೂರಿನಲ್ಲಿ ಆ ಕಾಗದಕ್ಕೆ ಬರವಿಲ್ಲ. ಅಂಟಿಗೆ ಮೈದಾ ಹಿಟ್ಟನ್ನು ನೀರಿನಲ್ಲಿ ಕಲಸಿ ಸಣ್ಣ ಉರಿಯಲ್ಲಿ ಕಾಯಿಸಿದ ಸರಿ ಸಾಕು. ಹುಳ ಹಿಡಿಯದಿರಲೆಂದು ಪುಸ್ತಕ ಕಟ್ಟುವವರು ಇದಕ್ಕೆ ಮೈಲುತುತ್ತು ಬೆರೆಸುವ ರೂಢಿಯಿದೆ. ಅದು ವಿಷವಾದ್ದರಿಂದ ಮಕ್ಕಳ ಅಂಟಿಗೆ ಎಂದಿಗೂ ಸಲ್ಲದು. ಅಲಂಕಾರದ ಥರ್ಮೋಕೋಲನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದ್ದು, ಶಾಲೆಯ ‘ಪ್ರಾಜೆಕ್ಟ್’ಗಳಲ್ಲಿ ಅದರ ಸ್ಥಾನವನ್ನು ಹಾಳೆ ಸುಲಭವಾಗಿ ತುಂಬಬಲ್ಲದು.

ಗೆರಟೆ, ಹೂವು, ಅರಸಿನ

ಎರಡು ಗೆರಟೆಗಳ ಕಣ್ಣಿನ ತೂತಿನಲ್ಲಿ ಹಗ್ಗ ಪೋಣಿಸಿ, ಒಳಗೆ ಗಂಟು ಹಾಕಿ ಬೋರಲಿಟ್ಟು ಮೇಲೆ ನಿಂತರೆ ಮರಗಾಲು. ಹಗ್ಗವನ್ನು ಕೈಯಲ್ಲಿ ಬಿಗಿಹಿಡಿದು ನಡೆಯುವುದು ಸಮತೋಲನದ ಉತ್ತಮ ಅಭ್ಯಾಸ. ತುಳುನಾಡಿನಲ್ಲಿ ಆಟಿ ತಿಂಗಳ ಮಳೆಗೆ ಮೀಸಲಾಗಿದ್ದ ಚೆನ್ನೆಮಣೆಯನ್ನು ಬೇಸಿಗೆಯಲ್ಲಿ ಆಡಬಾರದೆಂದೇನಿಲ್ಲ. ಮಣೆ ಇಲ್ಲದ ಮನೆಯಲ್ಲಿ 14 ಗೆರಟೆಗಳನ್ನು ಏಳರಂತೆ ಎರಡು ಸಾಲಿನಲ್ಲಿಟ್ಟು, ಒಂದೊಂದಕ್ಕೆ ನಾಲ್ಕರಂತೆ ಒಟ್ಟು 56 ಹುಣಸೆ ಬೀಜ ಹಾಕಿದರೆ ಆಟಕ್ಕೆ ಕೊರತೆಯಾಗದು. ಎಣಿಕೆ ತಾನಾಗಿ ಬರುತ್ತದೆ.

ಫ್ಲ್ಯಾಟಿನಲ್ಲಿರುವವರಿಗೆ ಅಡುಗೆಮನೆಯಿಂದಲೇ ಒಂದು ಚಟುವಟಿಕೆ. ಅರಸಿನ ಕದಡಿದ ನೀರಿನಲ್ಲಿ ಬಿಳಿ ಕಾಗದವನ್ನು ಅದ್ದಿ ಒಣಗಿಸಿ, ಬಟ್ಟೆ ಸೋಪಿನ ನೀರಿನಲ್ಲಿ ಹತ್ತಿಯ ಕಡ್ಡಿ ಮುಳುಗಿಸಿ ಬರೆದರೆ ಅಕ್ಷರ ಕೆಂಪಾಗಿ ಮೂಡುತ್ತದೆ. ಮೇಲೆ ಲಿಂಬೆರಸ ಸವರಿದರೆ ಮರಳಿ ಹಳದಿ. ಕೆಂಪು ದಾಸವಾಳದ ಎಸಳನ್ನು ಕಾಗದಕ್ಕೆ ಉಜ್ಜಿದಾಗಿನ ನೇರಳೆ ಬಣ್ಣ ಲಿಂಬೆಗೆ ಕೆಂಪಾಗಿ, ಸೋಪಿಗೆ ಹಸಿರಾಗಿ ತಿರುಗುತ್ತದೆ. ಆಮ್ಲ, ಪ್ರತ್ಯಾಮ್ಲ ಎಂಬ ಪದಗಳು ಹೈಸ್ಕೂಲಿಗೆ ಬಂದ ಮೇಲೆ ಸಿಕ್ಕರೂ ಸಾಕು. ಸೋಪಿನ ಬದಲು ವೀಳ್ಯದ ಸುಣ್ಣದಿಂದಲೂ ಇದು ಆಗುತ್ತದಾದರೂ ಮಕ್ಕಳ ಕೈಗೆ ಸುಣ್ಣ ಕೊಡಬಾರದು. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಸಿಡಿದಲ್ಲಿ ತಡಮಾಡದೆ ಧಾರಾಳ ನೀರಿನಿಂದ ಬಹು ಹೊತ್ತು ತೊಳೆದು ವೈದ್ಯರಲ್ಲಿಗೆ ಒಯ್ಯಬೇಕು.

ಮಧ್ಯಂತರ ರಜೆ ದಸರೆಯ ವೇಳೆಗೆ ಬರುವುದರಿಂದ ಆಗಿನ ಕೆಲಸ ದೀಪಾವಳಿಯ ಗೂಡುದೀಪ. ಮಂಗಳೂರಿನ ಕುದ್ರೋಳಿಯಲ್ಲಿ ಇದಕ್ಕೆ ಸ್ಪರ್ಧೆಯೇ ನಡೆಯುತ್ತದೆ. ಬಿದಿರು ಸೀಳುವುದು ಹಿರಿಯರಿಗಿರಲಿ. ಬಣ್ಣದ ಕಾಗದ ಕತ್ತರಿಸಿ ಅಂಟಿಸುವುದು ಮಕ್ಕಳ ಪಾಲು.

ಎಚ್ಚರ ಬೇಕಾದಲ್ಲಿ

ತೋಟದ ಸಾಮಗ್ರಿ ಉಚಿತವೇ ಹೊರತು ಎಲ್ಲವೂ ನಿರಪಾಯವಲ್ಲ. ಪೂರ್ತಿ ಕೆಂಪಾಗಿರುವ ಮಂಜೊಟ್ಟಿ ಕಾಳನ್ನು ಆಟಕ್ಕೆ ಬಳಸುವುದುಂಟು; ಕೆಂಪಿನ ತುದಿಗೆ ಕಪ್ಪು ಚುಕ್ಕೆಯಿರುವ ಗುಲಗಂಜಿ ಬೇರೆಯೇ. ಅದರ ಗಟ್ಟಿ ಸಿಪ್ಪೆ ಒಡೆಯದಿದ್ದಾಗ ವಿಷ ಹೊರಬರುವುದು ವಿರಳ. ಆದರೆ ಸರ ಪೋಣಿಸಲೆಂದು ತೂತು ಮಾಡಿದ, ಅಥವಾ ಅಗಿದ ಕಾಳು ಪ್ರಾಣಾಂತಿಕವಾಗಬಹುದು. ಹಳದಿ ಕಣಗಿಲೆಯ ಬೀಜ ಹೃದಯಕ್ಕೆ ಮಾರಕ. ಇವೆರಡನ್ನೂ ಆಟದಿಂದ ದೂರವಿಡಬೇಕು. ಮೂರು ವರ್ಷದೊಳಗಿನ ಮಕ್ಕಳಿದ್ದಲ್ಲಿ ಗಂಟಲಿಗೆ ಸಿಕ್ಕುವ ಭಯದಿಂದ ಹುಣಸೆ ಬೀಜವೂ ಬೇಡ. ರಜೆಯ ಕಾಲವೇ ಗೇರುಬೀಜದ ಕಾಲ. ಹಸಿ ಬೀಜದ ಸಿಪ್ಪೆಯ ಎಣ್ಣೆ ತಗಲಿದ ಚರ್ಮ ಸುಟ್ಟಂತಾಗಿ ಗುಳ್ಳೆ ಏಳುತ್ತದೆ.

ಹಾಳೆ ಹೆಕ್ಕುವುದನ್ನು ಹಿರಿಯರೇ ಮಾಡಬೇಕು, ಅದೂ ಕೋಲಿನಿಂದ ಮಗುಚಿ ನೋಡಿದ ಬಳಿಕ. ಅಡಿಯಲ್ಲಿ ಚೇಳೋ ಹಾವೋ ಇರುವುದು ಅಸಂಭವವಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕಾರಣ ಆಗ ಬಿದ್ದ, ನೀಲಿ ಕಲೆಗಳಿರುವ ಹಾಳೆಗಳನ್ನು ಬಿಟ್ಟು ಬೇಸಿಗೆಯಲ್ಲಿ ಬಿದ್ದವನ್ನು ಆಯ್ದುಕೊಳ್ಳುವುದು ಉತ್ತಮ.

ಆಟ ಮುಗಿದ ಮೇಲಿನ ಕೆಲಸವನ್ನು ಬಹುತೇಕರು ಮರೆಯುತ್ತಾರೆ. ಅಂಗಳದಲ್ಲಿ ಉಳಿದ ಗೆರಟೆ, ಹಾಳೆಗಳಲ್ಲಿ ಮೇ ತಿಂಗಳ ಮೊದಲ ಮಳೆಯ ನೀರು ನಿಂತರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಡಲು ಅಷ್ಟೇ ಸಾಕು. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಹಿಡಿಯುತ್ತದೆ. ಆದ್ದರಿಂದ ಸಂಜೆ ಒಳಬರುವ ಮುನ್ನ ಗೆರಟೆಗಳನ್ನು ಎಣಿಸಿ ಮಾಡಿನ ಕೆಳಗೆ ಬೋರಲಿಡುವುದನ್ನೂ ಆಟದ ಭಾಗವಾಗಿಯೇ ಮಕ್ಕಳಿಂದ ಮಾಡಿಸಬೇಕು. ಹರಿದ ಹಾಳೆ ಗೊಬ್ಬರದ ಗುಂಡಿಗೆ, ಒಡೆದ ಗೆರಟೆ ಬಚ್ಚಲಿನ ಒಲೆಗೆ.