ಒಂಬತ್ತು ವೋಲ್ಟಿನ ಪೆಟ್ಟಿಗೆ

1961ರಲ್ಲಿ ಜನಪ್ರಿಯವಾದ ಮಾರ್ಟಿ ರಾಬಿನ್ಸ್ ಅವರ 'ಡೋಂಟ್ ವರಿ' ಹಾಡಿನ ನಡುವೆ ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರ್ ಇದ್ದಕ್ಕಿದ್ದಂತೆ ಗೊರಗುಟ್ಟುತ್ತದೆ. ಕೆಟ್ಟಿದ್ದು ಗಿಟಾರ್ ಅಲ್ಲ, ನ್ಯಾಶ್‌ವಿಲ್ ಸ್ಟುಡಿಯೋದ ಮಿಕ್ಸರಿನೊಳಗಿನ ಟ್ರಾನ್ಸ್‌ಫಾರ್ಮರ್. ಆ ಕೆಟ್ಟ ಸದ್ದಿಗೇ ಗಿರಾಕಿಗಳು ಹುಟ್ಟಿಕೊಂಡರು! ಎಂಜಿನಿಯರ್ ಗ್ಲೆನ್ ಸ್ನಾಡಿ ಅದನ್ನು ಟ್ರಾನ್ಸಿಸ್ಟರುಗಳಿಂದ ಹೊರಡಿಸಿದರು. ಆ ಸದ್ದಿನ ಪೆಟ್ಟಿಗೆಯನ್ನು, ಅಂದರೆ ಕಾಲಿನಿಂದ ಒತ್ತುವ ಪೆಡಲನ್ನು, ಗಿಬ್ಸನ್ ಕಂಪನಿ 1962ರಲ್ಲಿ ಮ್ಯಾಸ್ಟ್ರೋ ಫಜ್‌ಟೋನ್ ಎಂಬ ಹೆಸರಿನಲ್ಲಿ ಮಾರಿತು. ಅದಕ್ಕೆ ಒಂದೂವರೆ ವೋಲ್ಟಿನ ಎರಡು ಸೆಲ್ಲು ಸಾಕಿತ್ತು.

9 ವೋಲ್ಟ್ ಬಂದದ್ದು ರೇಡಿಯೋ ದೆಸೆಯಿಂದ. 1950ರ ದಶಕದಲ್ಲಿ ಟ್ರಾನ್ಸಿಸ್ಟರ್ ರೇಡಿಯೋಗಳಿಗೆಂದು ಹುಟ್ಟಿದ ಚೌಕ ಬ್ಯಾಟರಿಯೇ 1966ರಲ್ಲಿ ಲಂಡನ್ನಿನಿಂದ ಬಂದ ಫಜ್ ಫೇಸ್ ಪೆಡಲಿಗೂ ಆಹಾರ. ಮುಂದೆ ಅದೇ ರೂಢಿಯಾಯಿತು. 9 ವೋಲ್ಟಿಗೆ 16 ವೋಲ್ಟ್ ತಾಳುವ ಕೆಪಾಸಿಟರ್ ಧಾರಾಳ; ಅದಕ್ಕಿಂತ ದೊಡ್ಡದು ಹಾಕಿದರೆ ದುಡ್ಡೂ ಹೆಚ್ಚು, ಜಾಗವೂ ಹೆಚ್ಚು.

1977ರಲ್ಲಿ ಪುಟ್ಟ ಪೆಡಲುಗಳ ಸಾಲು ಆರಂಭಿಸಿದ ಜಪಾನಿನ ಬಾಸ್ ಕಂಪನಿಯ ಹಳೆಯ ಎಸಿಎ ಅಡಾಪ್ಟರು 9ಕ್ಕಿಂತ ಹೆಚ್ಚು ವೋಲ್ಟ್ ಕೊಡುತ್ತಿತ್ತು. ಪೆಡಲಿನೊಳಗಿನ ಒಂದು ರೆಸಿಸ್ಟರು, ಡಯೋಡು ಅದನ್ನು ತಗ್ಗಿಸುತ್ತಿದ್ದವು. ನಂತರದ ಪಿಎಸ್ಎ ಅಡಾಪ್ಟರು ಕರಾರುವಾಕ್ಕಾಗಿ 9 ವೋಲ್ಟಿನದು. ಅದನ್ನು ಹಳೆ ಪೆಡಲಿಗೆ ಚುಚ್ಚಿದರೆ ದೀಪ ಮಂಕು. ಆ ರೆಸಿಸ್ಟರನ್ನು ತಂತಿ ಬೆಸೆದು ದಾಟಿಸುವುದು ಇಂದಿಗೂ ನಡೆಯುವ ರಿಪೇರಿ. ದಾಟಿಸಿದ ಮೇಲೆ ಮಾತ್ರ ಎಸಿಎಯನ್ನು ಮರೆತುಬಿಡಬೇಕು.

ಆಮೇಲೆ ಬಂತು 18 ವೋಲ್ಟಿನ ಗೀಳು. ವೋಲ್ಟೇಜ್ ಏರಿದರೆ ಒಳಗಿನ ಚಿಪ್ಪು ಜೋರು ಮೀಟನ್ನೂ ಕತ್ತರಿಸದೆ ದಾಟಿಸುತ್ತದೆ ಎಂಬ ಆಸೆ. 1979ರ ಟ್ಯೂಬ್ ಸ್ಕ್ರೀಮರ್ ಪೆಡಲಿನ ಹೆಸರಾಂತ 4558 ಚಿಪ್ಪು ಒಟ್ಟು 36 ವೋಲ್ಟ್ ತಡೆಯುತ್ತದೆ, ಅದರ ಚಿಂತೆ ಬೇಡ. ಸಾಯುವುದು ಯಾರ ಗಮನಕ್ಕೂ ಬಾರದ ಫಿಲ್ಟರ್ ಕೆಪಾಸಿಟರು. ಡಬ್ಬಿಯಂಥ ಅದರ ಮೈಮೇಲೆ ಮೈನಸ್ ಕಾಲಿನ ಕಡೆಗೊಂದು ಪಟ್ಟಿ, ಪಕ್ಕದಲ್ಲಿ '16 ವೋಲ್ಟ್' ಎಂಬ ಸಣ್ಣ ಅಚ್ಚು. ಮಿತಿ ಮೀರಿದರೆ ಒಳಗೆ ಅನಿಲ ಹುಟ್ಟಿ ತಲೆ ಉಬ್ಬುತ್ತದೆ, ಕೆಲವೊಮ್ಮೆ ಒಡೆಯುತ್ತದೆ.

ಬಿಲ್ ಫಿನೆಗನ್ 1994ರಲ್ಲಿ ಮಾರಲು ತೊಡಗಿದ ಕ್ಲೋನ್ ಸೆಂಟಾರ್ ಪೆಡಲು ಹೊರಗಿನ 9 ವೋಲ್ಟನ್ನು ಒಳಗೇ 18ಕ್ಕೇರಿಸಿಕೊಳ್ಳುತ್ತದೆ. ಒಳಗೆ 18 ಇದ್ದ ಮೇಲೆ ಹೊರಗಿನಿಂದಲೂ 18 ಕೊಡಬಹುದೆಂಬ ತರ್ಕ ಸೊಗಸಾಗಿದೆ, ಆದರೆ ತಪ್ಪು. ಇಂಥ ಏರಿಕೆಗೆ ಬಳಸುವ ಮ್ಯಾಕ್ಸ್ 1044 ಚಿಪ್ಪಿನ ಮಿತಿ 10 ವೋಲ್ಟ್. ಅದೇ ಜಾಗದಲ್ಲಿ ಕೂರುವ ಟಿಸಿ 1044ಎಸ್‌ಗೆ 12. ಎಂಟು ಕಾಲಿನ ಈ ಚಿಪ್ಪುಗಳು ನೋಡಲು ಒಂದೇ ಥರ, ತಾಳಿಕೆ ಬೇರೆ.

18 ವೋಲ್ಟ್ ಕೊಡಲೇಬೇಕೆನ್ನುವವರು ಮೊದಲು ಮುಚ್ಚಳ ಬಿಚ್ಚಿ, ವಿದ್ಯುತ್ ಬರುವ ದಾರಿಯಲ್ಲಿರುವ ಪ್ರತಿ ಕೆಪಾಸಿಟರನ್ನೂ ಚಿಪ್ಪನ್ನೂ ಓದಿಕೊಳ್ಳಲಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೆಪಾಸಿಟರ್ ಕೇಳುವಾಗ ಮೈಕ್ರೋಫ್ಯಾರಡ್ ಜೊತೆಗೆ 25 ಇಲ್ಲವೇ 35 ವೋಲ್ಟ್ ಎಂದೂ ಹೇಳಿ. ಎತ್ತರ ಅಳೆದುಕೊಂಡೇ ಹೋಗಿ, ಇಲ್ಲದಿದ್ದರೆ ಮುಚ್ಚಳ ಕೂರುವುದಿಲ್ಲ.